ಬನ್ನಿಗೆ ಬೇಲಿ

ಕೇಳಿರಿ, ಊರಿಗೆ ಉಪಕಾರ ಮಾಡಲು ಹೊರಟವನಿಗೆ ಮೊದಲ ಅಡ್ಡಿ ಬರುವುದು ಅಡಿಗೆಮನೆಯಿಂದ. ನಾನು 'ಹಸಿರು ಹೊಂಗಲ ಬಳಗ' ಸೇರಿದ ಮೊದಲ ರವಿವಾರವೇ ಇದು ನನಗೆ ಮನದಟ್ಟಾಯಿತು. ಬೆಳಿಗ್ಗೆ ಆರೂವರೆಗೆ ತಲೆಗೆ ಟವೆಲ್ಲು ಸುತ್ತಿ, ಕೈಯಲ್ಲಿ ಕಸಬರಿಗೆ ಹಿಡಿದು, ದಂಡಯಾತ್ರೆಗೆ ಹೊರಟ ದೊರೆಯಂತೆ ಹೊಸ್ತಿಲು ದಾಟುತ್ತಿದ್ದೆ. ಹಿಂದಿನಿಂದ ನನ್ನ ಧರ್ಮಪತ್ನಿ ಪದ್ಮಜಾಳ ಧ್ವನಿ ಬಂತು.

"ಕೈಯಾಗ ಏನದು?"

"ಕಸಬರಿಗಿ. ಓಣಿ ಸ್ವಚ್ಛ ಮಾಡ್ಲಿಕ್ಕೆ ಹೊಂಟೀನಿ."

"ಲಗ್ನ ಆಗಿ ಇಪ್ಪತ್ತಾರು ವರ್ಷ ಆತು. ಅದು ಯಾವ ಮೂಲ್ಯಾಗ ಇರ್ತದ ಅಂತ ನಿಮಗ ಗೊತ್ತಿಲ್ಲ ಅಂತ ತಿಳಕೊಂಡಿದ್ದೆ."

"ಹುಡುಕಿದೆ."

"ಹುಡುಕಿದ್ದು ಹುಡುಕೀರಿ, ಹೊಸಾದ್ದನ್ನs ಹುಡುಕೀರಿ. ಅದನ್ನಲ್ಲೆ ಇಟ್ಟು ಹಳೇದು ತಗೊಂಡು ಹೋಗ್ರಿ."

(ಊರಿನ ಕಸಕ್ಕೆ ಹಳೆಯ ಕಸಬರಿಗೆಯೇ ಸಾಕು ಎಂಬುದು ನಮ್ಮ ಮನೆಯ ಕಾಯಿದೆ. ಮನೆಯ ಕಸಕ್ಕೆ ನಾನು ಸಾಲುವುದಿಲ್ಲ ಎಂಬುದು ಎರಡನೆಯ ಕಾಯಿದೆ.)

ನನ್ನ ಹೆಸರು ಕೃಷ್ಣಾಜಿ. ಬೈಲಹೊಂಗಲದ ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ಇಸಿದುಕೊಳ್ಳುವ ಕೆಲಸ. ಮೂವತ್ತು ವರ್ಷ ಪುಸ್ತಕದ ಬೆನ್ನು ಓದಿ ಓದಿ ನನಗೆ ಎಲ್ಲ ವಿಷಯವೂ ಹೆಸರಿನ ಮಟ್ಟಿಗೆ ಗೊತ್ತು. ಬಳಗದ ಮುಖ್ಯಸ್ಥ ಅಂದಾನೆಪ್ಪ, ಪಂಪಸೆಟ್ಟು ರಿಪೇರಿಯವರು. ಕೊರಳಲ್ಲಿ ಸದಾ ಒಂದು ಸೀಟಿ. ಅವರು ಸೀಟಿ ಊದಿದರೆ ಗುಡಿಸಬೇಕು, ಮತ್ತೆ ಊದಿದರೆ ಫೋಟೋಕ್ಕೆ ನಿಲ್ಲಬೇಕು.

ಆ ಮೊದಲ ರವಿವಾರವೇ ನಾನು ಒಂದು ಘನಕಾರ್ಯ ಮಾಡಿದೆ. ನಮ್ಮ ಎದುರುಮನೆ ಶಂಕ್ರೆಪ್ಪ ಮಾಸ್ತರರದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಮಿತಭಾಷಿ. ಅವರ ಕಂಪೌಂಡಿನ ಬುಡದಲ್ಲಿ ಒಂದು ಚೀಲ ಕಸ ಬಿದ್ದಿತ್ತು. ನಾನು ತಟ್ಟನೆ ಫೋಟೋ ತೆಗೆದು, "ವಿದ್ಯೆ ಕಲಿಸಿದವರೇ ಹೀಗೆ ಮಾಡಿದರೆ ಊರಿಗೆ ಬುದ್ಧಿ ಹೇಳುವವರಾರು?" ಎಂದು ಬರೆದು ಬಳಗದ ವಾಟ್ಸಾಪಿಗೆ ಹಾಕಿಬಿಟ್ಟೆ. ಐವತ್ತು ಜನ ಹೆಬ್ಬೆರಳು ಎತ್ತಿದರು. ಆಮೇಲೆ ಮಾಸ್ತರರಿಂದ ಒಂದೇ ಸಾಲು ಬಂತು: "ಫೋಟೋ ದೊಡ್ಡದು ಮಾಡಿ, ಚೀಲದಿಂದ ಇಣುಕುವ ಟಪಾಲು ಕವರಿನ ಮೇಲಿನ ಹೆಸರು ಓದಿರಿ."

ದೊಡ್ಡದು ಮಾಡಿದೆ. ಹೆಸರು ನನ್ನದೇ. (ಶನಿವಾರ ಕಸದ ಗಾಡಿ ತಪ್ಪಿಹೋಗಿ ಆ ಚೀಲವನ್ನು ಯಾರೂ ಇಲ್ಲದಾಗ ಅಲ್ಲಿಟ್ಟು ಬಂದವನು ಯಾರೆಂದು ಪದ್ಮಜಾ ಆಮೇಲೆ ನೆನಪು ಮಾಡಿಕೊಟ್ಟಳು.) ತಪ್ಪಾಯಿತು ಎಂದು ಎದುರು ಹೋಗಿ ಹೇಳುವ ಧೈರ್ಯ ನನಗಾಗಲಿಲ್ಲ. ಅಂದಿನಿಂದ ಎರಡು ಮನೆಗೂ ಗಂಡಸರ ಮಟ್ಟಿಗೆ ಮಾತು ಬಂದ್. ಹೆಂಗಸರು ಮಾತ್ರ ಚಟ್ನಿಪುಡಿ, ಸಂಡಿಗೆ, ನಮ್ಮಿಬ್ಬರ ಸುದ್ದಿ, ಎಲ್ಲವನ್ನೂ ಗೋಡೆಯ ಮೇಲಿಂದ ಹಂಚಿಕೊಳ್ಳುತ್ತಿದ್ದರು.

ಬಳಗ ಗುಡಿಸುವುದಷ್ಟೇ ಅಲ್ಲ, ಗಿಡವನ್ನೂ ಹಚ್ಚಿತು. ನಮ್ಮ ಓಣಿಗೆ ಹನ್ನೆರಡು ಸಸಿ. ಒಂದನ್ನು ಟ್ರ್ಯಾಕ್ಟರು ಹಿಂದೆ ಸರಿಯುತ್ತ ಒರೆಸಿತು. ಎರಡಕ್ಕೆ ಯಾರೋ ಎಮ್ಮೆ ಕಟ್ಟಿದರು. ಒಂದು ಅತಿಯಾದ ನೀರಿನಿಂದ ಸತ್ತಿತು, ಏಕೆಂದರೆ ಬಳಗದ ಪ್ರತಿಯೊಬ್ಬ ಸದಸ್ಯನೂ ಕೊಡ ಹಿಡಿದು ಫೋಟೋ ತೆಗೆಸಿಕೊಂಡಿದ್ದು ಅದರ ಮುಂದೆಯೇ. ಉಳಿದದ್ದನ್ನೆಲ್ಲ ರಾಯವ್ವನ ಎರಡು ಆಡುಗಳು ಸರದಿಯ ಮೇಲೆ ಮುಗಿಸಿದವು. ರಾಯವ್ವ ನಮ್ಮ ಮಗ್ಗುಲ ಮನೆಯವಳು. ಕೇಳಿದರೆ, "ಅವಕ್ಕೇನ್ ಗೊತ್ರಿ ಸಾಹೇಬ್ರ, ಬಳಗದ ಗಿಡ ಯಾವ್ದು, ದೇವ್ರ ಗಿಡ ಯಾವ್ದು," ಅಂದಳು.

ಆ ಮಾತಿನಿಂದಲೇ ನನಗೆ ಹೊಳೆಯಿತು. ದೇವರ ಗಿಡವನ್ನೇ ಹಚ್ಚಿದರೆ?

ಆ ಶ್ರಾವಣದಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವಾಗ ಉಗರಗೋಳ ದಾಟಿ ನಮ್ಮ ಟಂಟಂ ಕೆಟ್ಟು ನಿಂತಿತು. ಹೊಲದ ಬದುವಿನಲ್ಲಿ ಗೇಣುದ್ದದ ಒಂದು ಸಸಿ. ಸಣ್ಣ ಸಣ್ಣ ಎಲೆ, ಸಣ್ಣ ಮುಳ್ಳು. ಸಾಕ್ಷಾತ್ ಬನ್ನಿ. ದಸರೆಗೆ ಊರೆಲ್ಲ ಬಂಗಾರವೆಂದು ಹಂಚುವ ಬನ್ನಿಯನ್ನು ಯಾರು ಮುರಿದಾರು? ಪ್ರಸಾದದ ತೆಂಗಿನ ಚಿಪ್ಪಿನಿಂದಲೇ ಅಗೆದು, ಪದ್ಮಜಾಳ ಸೆರಗಿನಲ್ಲಿ ಬೇಡವೆಂದರೂ ಕಟ್ಟಿ, ತಂದು ನಮ್ಮ ಮನೆಯೆದುರು ಮಾಸ್ತರರ ಕಂಪೌಂಡಿಗೆ ಹತ್ತಿ ಖಾಲಿ ಬಿದ್ದಿದ್ದ ಗುಂಡಿಯಲ್ಲಿ ನಟ್ಟೆ. ಸುತ್ತ ಜಾಳಿಗೆಯ ಬೇಲಿ.

ಗಿಡ ಬೆಳೆಯಿತು ನೋಡಿ, ಹೇಳತೀರದು. ಎರಡು ಮಳೆಗಾಲದಲ್ಲಿ ನನ್ನ ಎತ್ತರ ದಾಟಿತು, ಹಳದಿ ಕಾಯಿಯನ್ನೂ ಬಿಟ್ಟಿತು. ರಾಯವ್ವನ ಆಡುಗಳು ಬೇಲಿಯ ತನಕ ಬಂದು, ಒಮ್ಮೆ ಮೂಸಿ, ಮುಖ ತಿರುಗಿಸಿ ಹೋಗುತ್ತಿದ್ದವು.

"ನೋಡಿದ್ಯಾ? ಪಶುವಿಗೂ ಭಕ್ತಿ ಅದ," ಎಂದೆ.

ಪದ್ಮಜಾ ಅಂದಳು: "ನಮ್ಮ ಕಟಕೋಳದಾಗ ಆಡು ಬನ್ನಿ ಗಿಡ ಕಂಡ್ರ ಹಿಂಗಾಲ ಮ್ಯಾಲೆ ನಿಂತು ತಿಂತಾವ್ರಿ."

"ಅವು ಕಟಕೋಳದ ಆಡು. ಇದು ತಾಲೂಕಿನ ಊರು. ಇಲ್ಲೆ ಆಡಿಗೂ ಸಂಸ್ಕಾರ ಇರ್ತದ."

ಈ ವರ್ಷ ದಸರೆಯ ಮರುದಿನವೇ ಬಳಗದ ವಾರ್ಷಿಕ ಸಮಾರಂಭ. ಕಿತ್ತೂರಿನಿಂದಲೂ ರಾಮದುರ್ಗದಿಂದಲೂ ಅಲ್ಲಿಯ ಬಳಗದವರು ನಮ್ಮ ಗಿಡಗಳನ್ನು ನೋಡಲು ಬರುವವರಿದ್ದರು. ಅಂದಾನೆಪ್ಪ ಮನೆಗೇ ಬಂದರು.

"ಕೃಷ್ಣಾಜಿಯವ್ರ, ಊರಾಗ ಹಚ್ಚಿದ್ದರಾಗ ತೋರಸಾಕ ಅಂತ ಉಳದದ್ದು ನಿಮ್ಮ ಬನ್ನಿ ಒಂದ ಐತಿ. ಬಳಗದ ಮರ್ಯಾದಿ ಅದರ ಎಲಿ ಮ್ಯಾಲೆ ನಿಂತೈತಿ. ಗಿಡದ ಮುಂದ ನಿಮಗs ಹಾರ ಹಾಕೂದೈತಿ. ಅಲ್ಲೀತನಕ ಕಾಯೂ ಜವಾಬ್ದಾರಿ ನಿಮ್ದು."

ಹಾರ ಎಂದ ಕೂಡಲೇ ನಾನು ಮೈಮರೆತೆ. ಅದೇ ಸಂಜೆ ತಗಡಿನ ಬೋರ್ಡು ಬರೆಸಿ ಬೇಲಿಗೆ ಕಟ್ಟಿದೆ: "ಇದು ಪವಿತ್ರವಾದ ಬನ್ನಿ ವೃಕ್ಷ. ಇದರ ಎಲೆಯನ್ನು ಯಾರೂ ಹರಿಯತಕ್ಕದ್ದಲ್ಲ. ಆಜ್ಞೆಯ ಮೇರೆಗೆ."

"ಯಾರ ಆಜ್ಞಾ?" ಎಂದಳು ಪದ್ಮಜಾ.

"ನಂದು."

"ಮನ್ಯಾಗ ನಡೀಲಾರದ್ದು ಓಣ್ಯಾಗ ಹೆಂಗ ನಡೀತದ?"

ನಡೆಯಲಿಲ್ಲ. ಅಲ್ಲಿಯ ತನಕ ಅದು ಬನ್ನಿ ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏನೋ ಒಂದು ಗಿಡ ಎಂದು ಸುಮ್ಮನಿದ್ದರು. ದಸರೆಗೆ ಎಂಟು ದಿನ ಇರುವಾಗ, ಇಗೋ ಬನ್ನಿ ಇಲ್ಲಿದೆ ಎಂದು ದೊಡ್ಡಕ್ಷರದಲ್ಲಿ ಡಂಗುರ ಹೊಡೆದವನು ನಾನೇ.

ಹಬ್ಬದ ಮಧ್ಯಾಹ್ನ ಊಟ ಮುಗಿಸಿ, ಬೇಲಿಯ ಪಕ್ಕ ಕುರ್ಚಿ ಹಾಕಿ ಕಾವಲಿಗೆ ಕುಳಿತೆ. ಮೊದಲ ದಾಳಿ ಸ್ವಂತ ಮನೆಯಿಂದ. ನಮ್ಮವ್ವ ಕಮಲಾಬಾಯಿ, ಎಂಬತ್ತೆರಡು ವರ್ಷ, ಮಡಿ ಸೀರೆಯುಟ್ಟು ಬೆಳ್ಳಿ ತಟ್ಟೆ ಹಿಡಿದು ರಸ್ತೆ ದಾಟಿ ಬಂದಳು.

"ಕೃಷ್ಣ್ಯಾ, ಅತ್ತಾಗ ಸರಿ. ದೇವರಿಗೆ ಏರಸಬೇಕು."

"ಅವ್ವಾ, ಪ್ಯಾಟಿಂದ ತಂದುಕೊಡ್ತೀನಿ. ನಾಳೆ ತನಕ ಇದನ್ನ ಮುಟ್ಟಬ್ಯಾಡ."

"ಮನಿ ಮುಂದ ಇಟಗೊಂಡು ಪ್ಯಾಟಿಗೆ ಹೋಗ್ತೀಯಾ? ಗಿಡ ಹಚ್ಚಿದಾವ ನೀ, ಖರೆ. ನಿನ್ನ ಹಡದಾಕಿ ಯಾರು?"

ಇದಕ್ಕೆ ಯಾವ ಗ್ರಂಥಾಲಯದಲ್ಲೂ ಉತ್ತರವಿಲ್ಲ. ಒಂದು ಟೊಂಗೆ ಹೋಯಿತು. ಹಿಂದೆಯೇ ಪದ್ಮಜಾ ಬಂದು, "ಅತ್ತಿಯವರಿಗೆ ಕೊಟ್ಟು ನನಗ ಇಲ್ಲ ಅಂದ್ರ ಹೆಂಗ?" ಎಂದು ಎರಡು ಟೊಂಗೆ ಒಯ್ದಳು. ರಾಯವ್ವ ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಮುಂದಿನದನ್ನು ನಾನು ವಿವರಿಸಲಾರೆ.

ಬಂದವರು ಕಳ್ಳರಾಗಿದ್ದರೆ ಓಡಿಸಬಹುದಿತ್ತು. ಬಂದವರೆಲ್ಲ ಹೊಸ ಬಟ್ಟೆ ತೊಟ್ಟು ನಗುತ್ತ ಬಂದರು. ನಾನು "ಏ, ಏ" ಎನ್ನುವಷ್ಟರಲ್ಲಿ ಹರಿದುಕೊಂಡು, ಅದರಲ್ಲೇ ನಾಲ್ಕು ಎಲೆ ನನ್ನ ಕೈಗಿಟ್ಟು, ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾರ" ಎಂದರು. ಕಾಲು ಮುಟ್ಟಿದವರನ್ನು ಬೈಯುವುದು ಹೇಗೆ? "ನೂರು ವರ್ಷ ಬಾಳು," ಎಂದು ಹರಸಿದೆ. ಹರಸುತ್ತ ಹರಸುತ್ತ ಗಿಡ ಬೋಳಾಗುತ್ತ ಹೋಯಿತು, ನನ್ನ ಅಂಗಿಯ ಕಿಸೆ ತುಂಬುತ್ತ ಬಂತು. ಎರಡು ವರ್ಷ ನೀರುಣಿಸಿದ ಗಿಡವನ್ನು ಓಣಿಯವರು ಕಂತಿನ ಮೇಲೆ ನನಗೇ ಮರಳಿಸುತ್ತಿದ್ದರು. ಮುಳ್ಳು ಚುಚ್ಚಿಸಿಕೊಂಡವರು ಕೂಡ ಬೆರಳು ಚೀಪುತ್ತ ನನಗೆ ಶುಭ ಕೋರಿದರು.

ಸಂಜೆ ಆರಕ್ಕೆ ಗಿಡದ ತುದಿಯಲ್ಲಿ ಒಂದೇ ಒಂದು ಚಿಗುರು ಟೊಂಗೆ ಉಳಿಯಿತು. ನಾಳೆ ಇದನ್ನಾದರೂ ತೋರಿಸಿ ಮಾನ ಉಳಿಸಿಕೊಳ್ಳೋಣ ಎಂದು ಕುರ್ಚಿಯಿಂದೆದ್ದು ಬೇಲಿಗೆ ಬೆನ್ನು ಹಚ್ಚಿ ನಿಂತೆ. ಯಾರು ಬಂದರೂ ಬಿಡುವುದಿಲ್ಲ, ಅವ್ವ ಬಂದರೂ.

ಆಗ ಮಗ್ಗುಲ ಗೇಟು ಕಿರ್ ಅಂತು. ಶಂಕ್ರೆಪ್ಪ ಮಾಸ್ತರರು. ಬಿಳಿ ಧೋತರ, ಟೊಪ್ಪಿಗೆ, ಕೈಯಲ್ಲಿ ಬನ್ನಿ. ನೆಟ್ಟಗೆ ನನ್ನ ಕಡೆಗೇ ಬಂದು ನಿಂತರು.

"ತಗೋರಿ ಕೃಷ್ಣಾಜಿಯವ್ರ. ಬಂಗಾರದಂಗ ಇರೂಣು."

ಎರಡು ವರ್ಷದ ಮೇಲೆ ಕೇಳಿದ ಧ್ವನಿ. ತಪ್ಪು ಮಾಡಿದವನು ನಾನು, ಹೆಜ್ಜೆ ಇಟ್ಟು ಬಂದವರು ಅವರು, ಅದೂ ನನಗಿಂತ ಹತ್ತು ವರ್ಷ ಹಿರಿಯರು. ತಿರುಗಿ ಕೊಡಬೇಕಲ್ಲ, ಕಿಸೆಗೆ ಕೈ ಹಾಕಿದೆ. ಊರ ಮಂದಿಯ ಕೈ ದಾಟಿ ಬಂದ ಬಾಡಿದ ಎಲೆ. ಇಂಥವರಿಗೆ ಇದನ್ನು ಕೊಡುವುದೇ? ಹಿಂದೆ ಮುಂದೆ ನೋಡದೆ ಬೇಲಿಯ ಮೇಲೆ ಬಾಗಿ ಆ ಕಟ್ಟಕಡೆಯ ಟೊಂಗೆಯನ್ನು ನನ್ನ ಕೈಯಾರೆ ಮುರಿದು, "ಮಾಸ್ತರ, ಅವತ್ತಿನ ಫೋಟೋದ್ದು ನನ್ನ ತಪ್ಪು," ಎಂದು ಅವರ ಕೈಗಿಟ್ಟು ಕಾಲು ಮುಟ್ಟಿದೆ.

ಏಳುವಾಗ ಅವರು ಚಷ್ಮಾ ಏರಿಸಿಕೊಂಡು ಟೊಂಗೆಯನ್ನು ನೋಡುತ್ತಿದ್ದರು.

"ಕೃಷ್ಣಾಜಿಯವ್ರ, ಇದು ಬನ್ನಿ ಅಲ್ರಿ."

"ಮತ್ತ?"

"ಬಳ್ಳಾರಿ ಜಾಲಿ. ಎಲಿ ಬುಡದಾಗ ಜೋಡ ಮುಳ್ಳು ನೋಡ್ರಿ, ಎಷ್ಟುದ್ದ ಅದಾವು. ನಾ ಕೊಟ್ಟದ್ದು ಬನ್ನಿ, ಹಿಡದು ನೋಡ್ರಿ."

ಹಿಡಿದು ನೋಡಿದೆ. ನೋಡಿದಷ್ಟೂ ಬೇರೆ ಕಂಡಿತು. ಕೆರೆದಂಡೆಯಲ್ಲಿ, ಹಾಳು ಬಿದ್ದ ಹೊಲದಲ್ಲಿ, ಕಡಿದಷ್ಟೂ ಚಿಗುರಿ ರೈತರ ಜೀವ ತಿನ್ನುವ ಅದೇ ಜಾಲಿ.

"ನಿಮಗ ಯಾವಾಗ ಗೊತ್ತಾತ್ರಿ?"

"ನೀವು ನಟ್ಟು ತಿಂಗಳಾಗೂದ್ರಾಗ."

"ಹೇಳಬಾರದಾಗಿತ್ತೇನ್ರಿ?"

ಮಾಸ್ತರರು ಚಷ್ಮಾ ತೆಗೆದು ಶಾಂತವಾಗಿ ಅಂದರು: "ನಮ್ಮ ನಿಮ್ಮ ಮಾತ ಇರ್ಲಿಲ್ಲಲ್ರಿ."

ಮರುದಿನ ಬೆಳಿಗ್ಗೆ ಬೋಳು ಕೋಲಿನಂತೆ ನಿಂತ ಗಿಡದ ಮುಂದೆ ಜಮಖಾನೆ ಹಾಸಿದ್ದರು. ಓಣಿಯೆಲ್ಲ ನೆರೆದಿತ್ತು. ನಾನು ಮುಖ ಮುಚ್ಚಿಕೊಳ್ಳಲು ಜಾಗ ಹುಡುಕುತ್ತಿದ್ದೆ. ಅಂದಾನೆಪ್ಪ ಗಿಡ ನೋಡಿದರು, ಕಿತ್ತೂರಿನವರ ಮುಖ ನೋಡಿದರು, ಸೀಟಿ ಊದಿದರು. ಆಮೇಲೆ ಪಂಪಸೆಟ್ಟಿನವರು ಎಂಥ ಮಾತುಗಾರರು ಎಂದು ಅಂದೇ ನನಗೆ ತಿಳಿದದ್ದು.

"ಗಿಡ ಬೋಳ ಆಗೇತಿ ಅಂತ ನಾ ಅನ್ನೂದಿಲ್ರಿ. ಇಡೀ ಓಣಿ ಇದನ್ನ ಮುಡಕೊಂಡೈತಿ ಅಂತೇನಿ. ಮಂದಿ ಮನಿಮನಿಗೆ ಒಯ್ದ ಗಿಡ ಬ್ಯಾರೆ ಯಾವ ಊರಾಗ ಐತ್ರಿ?"

ಚಪ್ಪಾಳೆ. ನನ್ನ ಕೊರಳಿಗೆ ಹಾರ. ಬದುಕಿದೆ ಎಂದುಕೊಂಡೆ.

"ಅದಕ್ಕ," ಎಂದು ಅಂದಾನೆಪ್ಪ ಬಗ್ಗಿ ನೆಲದ ಮೇಲಿನ ಹಳದಿ ಕಾಯಿ ಆರಿಸತೊಡಗಿದರು, "ಇದರ ಬೀಜ ಮೂರು ಊರಿಗೂ ಹಂಚೂದು. ಕಿತ್ತೂರಿಗೆ ನೂರು, ರಾಮದುರ್ಗಕ್ಕ ನೂರು, ನಮ್ಮೂರಾಗ ನೂರಾ ಎಂಟು. ಮುಂದ ನಿಂತು ಹಚ್ಚಸೂದು ಕೃಷ್ಣಾಜಿಯವ್ರು."

ಮುನ್ನೂರಾ ಎಂಟು ಬಳ್ಳಾರಿ ಜಾಲಿ. ಹಾರದೊಳಗೆ ನನ್ನ ಕೊರಳು ಬೆವರಿತು. ಮಾಸ್ತರರತ್ತ ನೋಡಿದೆ. ಅವರು ಕೈಕಟ್ಟಿ ಗೇಟಿನಲ್ಲಿ ನಿಂತಿದ್ದರು. ಕಾಪಿ ಹೊಡೆದ ಹುಡುಗ ತಾನಾಗಿಯೇ ಎದ್ದು ನಿಲ್ಲಲಿ ಎಂದು ಕಾಯುವ ಮುಖ. ಪದ್ಮಜಾ ಹಿಂದಿನಿಂದ ಬೆನ್ನು ತಿವಿದಳು. "ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೀನಿ."

ಹೇಳಿದೆ. ಹಾರ ಹಾಕಿಕೊಂಡೇ ಹೇಳಿದೆ, ತೆಗೆಯಲು ಕೈ ಬರಲಿಲ್ಲ.

ರಾಮದುರ್ಗದವರೊಬ್ಬರು ಓಣಿಯವರು ಬಂಗಾರವೆಂದು ಕೊಟ್ಟಿದ್ದ ಎಲೆಗಳನ್ನು ಕಿಸೆಯಿಂದ ಸದ್ದಿಲ್ಲದೆ ಕೆಳಗೆ ಬಿಟ್ಟರು. ಮೊದಲು ಬಾಯಿ ಬಿಟ್ಟವಳು ರಾಯವ್ವ. "ಅದಕ್ಕ ನನ್ನ ಆಡು ತಿನ್ನಲಿಲ್ಲ ನೋಡ್ರಿ. ಅವಕ್ಕ ಗೊತ್ತಿತ್ತು." ಅಂದಾನೆಪ್ಪನ ಕೈಯಿಂದ ಕಾಯಿ ಉದುರಿದವು. ನಾನು ಅವ್ವನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಅವ್ವಾ, ನೀ ದೇವರಿಗೆ ಬ್ಯಾರೆ ಏರಿಸೀದಿ," ಎಂದೆ.

"ಏರಿಸೀನಿ," ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ.

"ದೇವರು ಏನಂತಾನೋ."

"ಏನೂ ಅಂದಿಲ್ಲ. ಅವನೂ ನಿನ್ನ ಬೋರ್ಡು ಓದಿರಬೇಕು."

ಮೂರು ಊರಿನ ಬಳಗ ಒಟ್ಟಿಗೆ ನಕ್ಕಿತು. ಆ ನಗೆಯಲ್ಲೇ ಠರಾವು ಪಾಸಾಯಿತು: ಈ ಗಿಡವನ್ನು ಬೇರು ಸಹಿತ ಕೀಳುವುದು, ಅದೂ ಕೃಷ್ಣಾಜಿಯವರೇ.

ಇದೀಗ ಐದನೆಯ ರವಿವಾರ. ಮೂರು ಸಲ ಕಡಿದೆ, ಮೂರು ಸಲವೂ ಮೊದಲಿಗಿಂತ ದಟ್ಟವಾಗಿ ಚಿಗುರಿತು. ನೀರು ಹಾಕುವುದನ್ನು ಬಿಟ್ಟದ್ದು ಅದಕ್ಕೆ ಇನ್ನೂ ಗೊತ್ತೇ ಆಗಿಲ್ಲ. ಸನಿಕೆ ಹಿಡಿದು ಅಗೆಯುತ್ತ ಅಗೆಯುತ್ತ ಸೊಂಟದ ಮಟ್ಟದ ಗುಂಡಿಯೊಳಗೆ ಇಳಿದಿದ್ದೇನೆ. ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಮಾಸ್ತರರು ಪಾಠ ಹೇಳುತ್ತಾರೆ. ಇಬ್ಬರಿಗೂ ಪದ್ಮಜಾ ಚಹಾ ಕೊಡುತ್ತಾಳೆ, ನನಗೆ ಗುಂಡಿಯೊಳಗೇ. ಇಂದು ಬೆಳಿಗ್ಗೆ ತಾಯಿಬೇರು ಸಿಕ್ಕಿತು. ತೋಳಿನಷ್ಟು ದಪ್ಪ. ಕೈಯಾಡಿಸಿ ನೋಡಿದರೆ, ನೆಟ್ಟಗೆ ಮಾಸ್ತರರ ಕಂಪೌಂಡಿನ ಬುಡದೊಳಗೆ ಹೋಗಿದೆ. ಗೋಡೆಯಲ್ಲಿ ಒಂದು ಬಿರುಕು ಆಗಲೇ ಮೇಲಕ್ಕೆ ಹೊರಟಿದೆ.

"ಏನಾತ್ರಿ, ಸುಮ್ಮನಾದ್ರಿ?" ಎಂದರು ಮಾಸ್ತರರು ಮೇಲಿನಿಂದ.

"ಏನಿಲ್ರಿ. ಚಹಾ ಕುಡೀರಿ, ಆರ್ತದ," ಎಂದು ಬಿರುಕಿಗೆ ಬೆನ್ನು ಕೊಟ್ಟು ನಿಂತಿದ್ದೇನೆ.