ಡ್ರಿಲ್ ಮೇಷ್ಟ್ರಿಗೆ ಕಾವು ಕೊಟ್ಟ ಯಂತ್ರ

"ಹತ್ತು ಕೈ, ಒಂದು ಕಣ್ಣು, ಮೇಲೆ ಚೀನಾದವರ ಹಳೇ ವಿದ್ಯೆ! ಕೂತ್ಕೊಳಿ ಮೇಷ್ಟ್ರೇ!" ಎಂದ ತಿರುಮಲೇಶ, ಟವೆಲ್ಲಿನಿಂದ ಕುರ್ಚಿ ಒರೆಸುತ್ತಾ.

ಅದು ಕ್ಷೌರದಂಗಡಿಯ ಹಳೇ ಕುರ್ಚಿ. ಸುತ್ತಲೂ ಹಿತ್ತಾಳೆಯ ಹತ್ತು ಕೈಗಳು. ಐದು ಕೈಗಳಲ್ಲಿ ಒಣ ಮಾಚಿಪತ್ರೆಯನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಸುರುಳಿ, ಥೇಟ್ ಚುಟ್ಟದ ಹಾಗೆ. ನೆತ್ತಿಯ ಮೇಲೆ ಮೈಶಾಖ ಅಳೆದು ಗಂಡಸುತನದ ವಯಸ್ಸು ಹೇಳುವ ಗಾಜಿನ ಕಣ್ಣು. ಯಂತ್ರದ ಹೆಸರು ಕಾವಣ್ಣ. ರೈಲ್ವೆ ಸಿಗ್ನಲ್ ಕೆಲಸದಿಂದ ನಿವೃತ್ತನಾದ ಮೇಲೆ ತಿರುಮಲೇಶ ಅರಸೀಕೆರೆಯ ತನ್ನ ಹಿತ್ತಲ ಶೆಡ್ಡಿನಲ್ಲಿ ಕಟ್ಟಿದ ಏಳನೆಯ ಯಂತ್ರ ಅದು. ಮೊದಲ ಆರರ ಮಾತನ್ನು ಅವನ ಹೆಂಡತಿ ಜಲಜಾಕ್ಷಿಯ ಎದುರು ಎತ್ತುವಂತಿರಲಿಲ್ಲ.

ಓಂಕಾರಪ್ಪ ಅಂಗಿ ಬಿಚ್ಚಿ ಕೂತರು. ಐವತ್ತೆಂಟು ವಯಸ್ಸು, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ "ಎದೆ ಮುಂದೆ, ಹೊಟ್ಟೆ ಒಳಗೆ!" ಎಂದು ಕೂಗಿದವರು. ಒಂದು ವರ್ಷದಿಂದ ಮಾತ್ರ ಏನೋ ಸರಿಯಿರಲಿಲ್ಲ. ಹಗಲೆಲ್ಲ ಸುಸ್ತು, ಸಿಡುಕು. ಹೆಂಡತಿಯ ಪಕ್ಕ ಮಲಗಿದರೆ ಮೈ ಮಾತೇ ಕೇಳುತ್ತಿರಲಿಲ್ಲ. ಹಾಸನದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ವಯಸ್ಸಾದ ಹಾಗೆ ಗಂಡಸರಲ್ಲೂ ಹಾರ್ಮೋನು ಇಳಿಯುತ್ತೆ ಮೇಷ್ಟ್ರೇ. ತೂಕ ಇಳಿಸಿ, ನಿದ್ದೆ ಮಾಡಿ, ಮನೆಯವರ ಹತ್ತಿರ ಬಾಯಿಬಿಟ್ಟು ಮಾತಾಡಿ, ಆಮೇಲೆ ನೋಡೋಣ" ಎಂದಿದ್ದರು. ಮೊದಲೆರಡು ಹೇಗೋ ಆಗಬಹುದಿತ್ತು. ಮೂರನೆಯದಕ್ಕೆ ಧೈರ್ಯ ಸಾಲದೆ ಓಂಕಾರಪ್ಪ ಹಜಾರದಲ್ಲಿ ಚಾಪೆ ಹಾಸಿಕೊಂಡಿದ್ದರು. ಈ ಭಾನುವಾರ ಹೆಂಡತಿ ಸರ್ವಮಂಗಳಮ್ಮನಿಗೆ ಕ್ರೀಡಾಕೂಟದ ಮೀಟಿಂಗ್ ಎಂದು ಸುಳ್ಳು ಹೇಳಿ ಇಲ್ಲಿಗೆ ಬಂದಿದ್ದರು.

"ಯಾರಿಗೂ ಗೊತ್ತಾಗಬಾರದು ಕಣಯ್ಯಾ" ಎಂದರು.

"ನಾವಿಬ್ಬರೇ ಮೇಷ್ಟ್ರೇ, ಮೂರನೆಯದು ಕಾವಣ್ಣ!"

ತಿರುಮಲೇಶ ಗುಂಡಿ ಒತ್ತಿದ. ಸುರುಳಿಗಳ ತುದಿ ಕೆಂಡವಾಯಿತು. ಖಾಲಿಯಿದ್ದ ಐದು ಕೈಗಳು ಮೇಷ್ಟ್ರ ಭುಜ, ಸೊಂಟ ಹಿಡಿದುಕೊಂಡವು. ಉಳಿದವುಗಳಲ್ಲಿ ಒಂದು ಹೊಕ್ಕುಳ ಕೆಳಗೆ, ಎರಡು ಬೆನ್ನ ಹಿಂದೆ, ಎರಡು ಮೊಣಕಾಲ ಕೆಳಗೆ, ಚರ್ಮಕ್ಕೆ ತಾಗದಂತೆ ಬಂದು ನಿಂತವು. ಹಿತವಾದ ಕಾವು. ಚಿಕ್ಕಂದಿನಲ್ಲಿ ಹೊಟ್ಟೆನೋವು ಬಂದಾಗ ಅವ್ವ ಬಟ್ಟೆ ಬಿಸಿಮಾಡಿ ಶಾಖ ಕೊಡುತ್ತಿದ್ದದ್ದು ನೆನಪಾಗಿ ಓಂಕಾರಪ್ಪ ಕಣ್ಣು ಮುಚ್ಚಿದರು.

ಆಗ ಆಕಾಶದಿಂದ ಒಬ್ಬ ಹೆಂಗಸಿನ ದನಿ ಮೊಳಗಿತು.

"ದಯವಿಟ್ಟು ಗಮನಿಸಿ! ಡ್ರಿಲ್ ಮೇಷ್ಟ್ರು ಓಂಕಾರಪ್ಪನವರ ಪುರುಷಶಕ್ತಿಯು ಹದಿನಾಲ್ಕು ವರ್ಷ ತಡವಾಗಿ ಚಲಿಸುತ್ತಿದೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ!"

ಓಂಕಾರಪ್ಪ ಕಣ್ಣು ಬಿಟ್ಟರು. "ಏನಯ್ಯಾ ಇದು?"

"ಕಾವು ಹೆಚ್ಚಾದ್ರೆ ಎಚ್ಚರಿಸಲಿ ಅಂತ ರೈಲ್ವೆ ಗುಜರಿಯಿಂದ ಒಂದು ಅನೌನ್ಸ್‌ಮೆಂಟ್ ಪೆಟ್ಟಿಗೆ ತಂದು ಹಾಕಿದ್ದೆ. ವರದೀನೂ ಅದೇ ಓದ್ತಿದೆಯಲ್ಲಾ, ಭೇಷ್!"

"ದನಿ ಮೇಲಿಂದ ಬರ್ತಿದೆಯಲ್ಲೋ!"

"ಒಳಗಿನ ಸ್ಪೀಕರ್ ಸುಟ್ಟುಹೋಗಿತ್ತು. ಗಣಪತಿ ಹಬ್ಬಕ್ಕೆ ಛಾವಣಿ ಮೇಲೆ ಕಟ್ಟಿದ್ದ ಹಾರ್ನಿಗೇ ವೈರ್ ಕೊಟ್ಟೆ."

"ಆಫ್ ಮಾಡೋ ಅಯೋಗ್ಯ!"

ಅಷ್ಟರಲ್ಲಿ ಅದೇ ಮಾತು ಹಿಂದಿಯಲ್ಲಿ ಶುರುವಾಯಿತು. ತಿರುಮಲೇಶ ಪ್ಲಗ್ ಕಿತ್ತ. ಕಾವಣ್ಣ ಬ್ಯಾಟರಿಗೆ ಬದಲಾಗಿ ಇಂಗ್ಲಿಷಿನಲ್ಲಿ ಮುಂದುವರಿಯಿತು.

"ಸಿಗ್ನಲ್ ಯಾವತ್ತೂ ಆರಬಾರದು ಮೇಷ್ಟ್ರೇ, ಅದು ನಮ್ಮ ಇಲಾಖೆಯ ಧರ್ಮ" ಎಂದು ತಿರುಮಲೇಶ ಬೆವರು ಒರೆಸಿಕೊಂಡ.

"ಈ ಕೈಗಳನ್ನಾದ್ರೂ ಬಿಡಿಸು!"

"ಲೈನ್ ಕ್ಲಿಯರ್ ಸಿಗದೆ ಬಿಡಲ್ಲ. ಕಣ್ಣಿಗೆ ನಿಮ್ಮ ಗಂಡಸುತನದ ವಯಸ್ಸು ಇಳಿದದ್ದು ಕಾಣಬೇಕು."

ಬಾಗಿಲಲ್ಲಿ ಜನ ಸೇರಿತು. ಎಲ್ಲರಿಗಿಂತ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕವರು ನಿವೃತ್ತ ಪೋಸ್ಟ್‌ಮಾಸ್ಟರ್ ಮರುಳಸಿದ್ದಪ್ಪ. ಗಾಜಿನ ಕಣ್ಣು ಅವರತ್ತ ತಿರುಗಿತು.

"ದಯವಿಟ್ಟು ಗಮನಿಸಿ! ಮರುಳಸಿದ್ದಪ್ಪನವರ ಪುರುಷಶಕ್ತಿಯನ್ನು ರದ್ದುಗೊಳಿಸಲಾಗಿದೆ!"

ನಗು ನಿಂತಿತು. "ನನ್ನ ಹೆಸರು ಇದಕ್ಕೆ ಹೇಗೆ ಗೊತ್ತು?" ಎಂದು ಮರುಳಸಿದ್ದಪ್ಪ ಚೀರಿದರು.

"ನಿವೃತ್ತರ ಸಂಘದವರ ಫೋಟೋ ಎಲ್ಲಾ ತುಂಬಿಸಿದ್ದೆ. ಮುಂದೆ ಗಿರಾಕಿ ಆಗ್ತೀರಲ್ಲಾ ಅಂತ..."

ಐವತ್ತು ದಾಟಿದವರೆಲ್ಲ ಮುಖಕ್ಕೆ ಟವೆಲ್ ಮುಚ್ಚಿಕೊಂಡು ಓಡಿದರು. ಕಣ್ಣು ಒಬ್ಬೊಬ್ಬರ ಬೆನ್ನನ್ನೂ ಹಿಂಬಾಲಿಸಿ, ಒಂಬತ್ತು ವರ್ಷ, ಇಪ್ಪತ್ತೊಂದು ವರ್ಷ ಎಂದು ಮೂರೂ ಭಾಷೆಯಲ್ಲಿ ಸಾರಿತು. ಕೊನೆಗೆ ತನ್ನನ್ನು ಕಟ್ಟಿದವನ ಮೇಲೇ ನೆಟ್ಟು, "ತಿರುಮಲೇಶ್ ಅವರು ಹದಿನೇಳು ವರ್ಷ ತಡ" ಎಂದಿತು.

"ಇದಕ್ಕೆ ಯಂತ್ರ ಬೇರೆ ಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ!" ಎಂದಳು ಗದ್ದಲ ಕೇಳಿ ಹಿತ್ತಲಿಗೆ ಬಂದಿದ್ದ ಜಲಜಾಕ್ಷಿ.

ಆಗ ಹಾರ್ನಿನ ಕೂಗು ಕೇಳಿ ಸರ್ವಮಂಗಳಮ್ಮ ಬಂದರು. ಕೈಯಲ್ಲಿ ಸೌಟು ಹಾಗೇ ಇತ್ತು. ಓಂಕಾರಪ್ಪ ತಲೆ ತಗ್ಗಿಸಿದರು.

"ಇದಕ್ಕೇನ್ರೀ ನೀವು ಹಜಾರದಲ್ಲಿ ಮಲಗ್ತಿದ್ದದ್ದು?"

ಸರ್ವಮಂಗಳಮ್ಮ ಸೌಟು ಹಿಡಿದೇ ಕುರ್ಚಿಯ ಹತ್ತಿರ ಬಂದರು.

"ನಾನು ಏನು ತಪ್ಪು ಮಾಡಿದೆ ಅಂತ ಆರು ತಿಂಗಳಿಂದ ಯೋಚನೆ ಮಾಡ್ತಿದ್ದೀನಿ. ದಪ್ಪಗಾದೆ, ಅದಕ್ಕೇ ಬೇಡವಾದೆ ಅಂದ್ಕೊಂಡೆ. ರಾತ್ರಿ ಊಟ ಬಿಟ್ಟೆ, ಗೊತ್ತಾ?"

ಅವಳ ಊಟ ನಿಂತದ್ದು ಓಂಕಾರಪ್ಪನವರ ಗಮನಕ್ಕೇ ಬಂದಿರಲಿಲ್ಲ. "ಹ್ಯಾಗೆ ಹೇಳಲಿ ಮಂಗಳಾ? ಊರಿಗೆಲ್ಲ ನೆಟ್ಟಗೆ ನಿಲ್ಲಿ ಅಂತ ಹೇಳೋನು ನಾನು."

ಜಲಜಾಕ್ಷಿ ಸೆರಗು ಬಾಯಿಗೆ ಅಡ್ಡ ಹಿಡಿದು ಹೊರಗೆ ಓಡಿದಳು. ಸರ್ವಮಂಗಳಮ್ಮನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಗಂಡನ ಕೆನ್ನೆಗೆ ಮೆತ್ತಿದ್ದ ಹೊಗೆಮಸಿ ಒರೆಸಿ, "ಏಳಿ, ಮನೆಗೆ ಹೋಗೋಣ. ಡಾಕ್ಟರ ಹತ್ತಿರ ಇನ್ನು ಇಬ್ಬರೂ ಹೋಗೋಣ" ಎಂದರು.

ಎಲ್ಲರೆದುರು ಹೆಂಡತಿ ಕೆನ್ನೆ ಮುಟ್ಟಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ಓಂಕಾರಪ್ಪ ಕಿವಿಯ ತುದಿಯವರೆಗೂ ಕೆಂಪಾದರು. ಗಾಜಿನ ಕಣ್ಣು ಆ ಕೆಂಪಿನ ಕಾವನ್ನು ಅಳೆಯಿತು. ಅದರೊಳಗಿನ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಹಾರ್ನು ಛಾವಣಿ ನಡುಗುವಂತೆ ಕೂಗಿತು:

"ಓಂಕಾರಪ್ಪನವರು ಹತ್ತು ನಿಮಿಷ ಮುಂಚಿತವಾಗಿ ಎರಡನೇ ಪ್ಲಾಟ್‌ಫಾರ್ಮಿಗೆ ಆಗಮಿಸಲಿದ್ದಾರೆ!"

ಹತ್ತೂ ಕೈಗಳು ಒಟ್ಟಿಗೆ ಬಿಚ್ಚಿಕೊಂಡವು. ಒಳಗೆ ಏನೋ ಟಪ್ಪೆಂದು, ಕಾವಣ್ಣ ಹೊಗೆಯುಗುಳಿ ಸುಮ್ಮನಾಯಿತು.

ಸ್ಟೇಷನ್ನು ಅಲ್ಲಿಂದ ಮುನ್ನೂರು ಗಜ. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ ಹನ್ನೆರಡು ಜನ ಆ ಕೂಗನ್ನು ಸ್ಟೇಷನ್ನಿನದೇ ಎಂದು ನಂಬಿ, ಗಂಟುಮೂಟೆ ಹೊತ್ತು ಎರಡನೆಯದಕ್ಕೆ ಹೋಗಿ ನಿಂತರು. ಅವರ ಗಾಡಿ ಒಂದನೆಯದಕ್ಕೆ ಬಂದು, ಹೊರಟೂ ಹೋಯಿತು.

ಹನ್ನೊಂದು ಜನ ಬೈದುಕೊಂಡು ಬಸ್ಸು ಹಿಡಿದರು. ಬೀರೂರಿಗೆ ಹೋಗಬೇಕಿದ್ದ ಒಬ್ಬ ಮುದುಕಿ ಮಾತ್ರ ವಿಳಾಸ ವಿಚಾರಿಸಿಕೊಂಡು ಓಂಕಾರಪ್ಪನ ಮನೆಗೇ ಬಂದಳು. ಸರ್ವಮಂಗಳಮ್ಮ ಕೈಕಾಲಿಗೆ ನೀರು ಕೊಟ್ಟು, ಅವಳಿಗೂ ತಮಗೂ ಒಟ್ಟಿಗೆ ಎಲೆ ಹಾಕಿ ಬಡಿಸಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಮುದುಕಿ ಎರಡು ಮುದ್ದೆ ಉಂಡು, ಎಲೆಯಡಿಕೆ ಮೆಲ್ಲುತ್ತಾ ಡ್ರಿಲ್ ಮೇಷ್ಟ್ರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಬಿಡವ್ವಾ" ಎಂದಳು. "ಬೇಗ ಬತ್ತದೆ ಅಂದಿದ್ದನ್ನ ನಂಬಿ ನಾನು ಕೆಟ್ಟೆ. ತಡವಾಗಾದರೂ ಬರೋದೇ ವಾಸಿ."