ಮಣ್ಣಿಯೋ ಮಣ್ಣೋ

ಮಕ್ಕಳಿಗೆ ಏನು ತಿನ್ನಿಸಬೇಕು ಎಂಬ ವಿಷಯದಲ್ಲಿ ಗಂಡಸಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ನಾನಾಗಿ ಹೇಳಲು ಹೋದವನೂ ಅಲ್ಲ. ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಪುಟ್ಟ ಫ್ಲಾಟಿನಲ್ಲಿ ಆಗಲೇ ಎರಡು ಅಭಿಪ್ರಾಯಗಳು ತುಂಬಿಕೊಂಡಿದ್ದವು. ಹೆಂಡತಿ ಐರಿನ್ ಡಬ್ಬದ ಮೇಲೆ ಬರೆದಷ್ಟೇ ಚಮಚ ಅಳೆದು ಕೊಡುವವಳು. ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದ ನನ್ನ ಅಮ್ಮ, ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚು ರಾಗಿ ತಂದವಳು. ಎಂಟು ತಿಂಗಳ ಮಗರಾಯ ಡಬ್ಬದ ಆಹಾರ ಕಂಡರೆ ಮುಖ ತಿರುಗಿಸುತ್ತಿದ್ದ. ಅಮ್ಮ ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಮಗುಚಿದ ಮಣ್ಣಿ ಎಂದರೆ ಮಾತ್ರ ಬಾಯಿ ತೆರೆಯುತ್ತಿದ್ದ. ಅದೂ ಸುಮ್ಮನೆ ಅಲ್ಲ. ಊರಲ್ಲಾದರೆ ಕಾಗೆ ತೋರಿಸಿ ಉಣ್ಣಿಸಬಹುದು, ದೋಹಾದಲ್ಲಿ ಕಾಗೆಗೆ ಎಲ್ಲಿಗೆ ಹೋಗುವುದು? ಅಮ್ಮ ಕಿಟಕಿಯ ಬಳಿ ಕೂತು, "ಅಗೋ ಪುಟ್ಟಾ, ನೀರಿನ ಟ್ಯಾಂಕರ್ ಬಂತು, ಆ ಮಾಡು" ಎನ್ನುತ್ತಿದ್ದಳು.

ಐರಿನ್‌ಗೆ ಸಮಾಧಾನವಿಲ್ಲ. "ಡಾಕ್ಟರ್ ಹತ್ರ ಒಮ್ಮೆ ಕೇಳುವ, ಮಾಂಯ್" ಎಂದು ಅತ್ತೆಗೆ ಹೇಳಿದಳು. "ಕೇಳು ಮಾರಾಯ್ತಿ. ಬೇಡ ಅಂದ್ರೆ ನಾನು ನಾಳೆಯೇ ಊರಿಗೆ" ಎಂದಳು ಅಮ್ಮ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಮ್ಮ ಹೋದರೆ ಮಗು ಉಪವಾಸ.

ಕ್ಲಿನಿಕ್ಕಿನ ಡಾಕ್ಟರಮ್ಮ ಮಲಯಾಳಿ. ಐರಿನ್ ಮಗುವನ್ನು ತೂಕ ಮಾಡಿಸಲು ಪಕ್ಕದ ಕೋಣೆಗೆ ಎತ್ತಿಕೊಂಡು ಹೋಗಿದ್ದಳು. ಮಗುವಿಗೆ ಏನು ಕೊಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಅಮ್ಮ ಹೆಮ್ಮೆಯಿಂದ, "ಮಣ್ಣಿ!" ಎಂದಳು.

"ಮಣ್ಣೋ?" ಡಾಕ್ಟರಮ್ಮನ ಪೆನ್ನು ನಿಂತಿತು. ಮಲಯಾಳದಲ್ಲೂ ಮಣ್ಣು ಮಣ್ಣೇ. ಸಾಲದ್ದಕ್ಕೆ ಅದು ಏಷ್ಯನ್ ಗೇಮ್ಸ್‌ಗಾಗಿ ಇಡೀ ದೋಹಾವನ್ನು ಅಗೆದು ಹಾಕಿದ್ದ ಕಾಲ, ಮಣ್ಣಿಗೇನೂ ಬರವಿರಲಿಲ್ಲ.

"ಹೌದು, ದಿನಾ ಎರಡು ಸಲ. ಇವನೂ ಸಣ್ಣದಿರುವಾಗ ಅದನ್ನೇ ತಿಂದದ್ದು" ಎಂದು ಅಮ್ಮ ನನ್ನನ್ನು ತೋರಿಸಿದಳು. ಅಮ್ಮನ ಕನ್ನಡ ಎಷ್ಟು ಅರ್ಥವಾಗಬಾರದೋ ಅಷ್ಟು ಅರ್ಥವಾಗಿ, ಡಾಕ್ಟರಮ್ಮ ನನ್ನನ್ನು ಮರುಕದಿಂದ ನೋಡಿದರು. ನಾನು ಆಫೀಸಿನ ಇಂಗ್ಲಿಷನ್ನೆಲ್ಲ ಹೊರತೆಗೆದು, ಅದು ಕಪ್ಪಗಿರುತ್ತದೆ, ನೀರಲ್ಲಿ ನೆನೆಸಿ, ಸೋಸಿ, ಬೇಯಿಸುತ್ತೇವೆ ಎಂದು ವಿವರಿಸಿದೆ. ರಾಗಿ ಎಂಬ ಎರಡಕ್ಷರ ಮಾತ್ರ ಹಾಳಾದ್ದು ಬಾಯಿಗೆ ಬರಲಿಲ್ಲ. ಡಾಕ್ಟರಮ್ಮ ಹುಳದ ಔಷಧಿ ಬರೆಯತೊಡಗಿದರು.

ಅಮ್ಮ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದಳು. ಡಾಕ್ಟರಮ್ಮ ಮೂಸಿದರು, ಬೆರಳ ತುದಿಯಲ್ಲಿ ತೆಗೆದು ನೆಕ್ಕಿದರು. "ಅಯ್ಯೋ, ಇದು ಕುರುಕ್ಕಲ್ಲೇ!" ಅವರ ಊರಿನಲ್ಲಿ ರಾಗಿಮಣ್ಣಿಗೆ ಕುರುಕ್ಕು ಅನ್ನುತ್ತಾರಂತೆ; ಅವರ ಅಮ್ಮನೂ ಮಾಡುತ್ತಿದ್ದರಂತೆ. ಅಷ್ಟರಲ್ಲಿ ಐರಿನ್ ತಂದ ಮಗುವಿನ ತೂಕದ ಚೀಟಿ ನೋಡಿ, "ಫಸ್ಟ್ ಕ್ಲಾಸ್. ಬೆಲ್ಲ ಬೇಡ, ಇದನ್ನೇ ಕೊಡಿ" ಎಂದರು. ಅಮ್ಮನ ಕಣ್ಣು ಒದ್ದೆಯಾಯಿತು. ನಾನೂ ಉಸಿರು ಬಿಟ್ಟೆ. ಉಸಿರು ಬಿಟ್ಟಾಗ ಹೊಟ್ಟೆ ಮುಂದೆ ಬರುವುದು ನನಗೆ ಹೊಳೆದಿರಲಿಲ್ಲ. ಡಾಕ್ಟರಮ್ಮನಿಗೆ ಅದು ಕಂಡಿತು. "ಇವರಿಗೂ ಇದೇ ಕೊಡಿ. ಸಂಜೆಯ ಮೇಲೆ ಅನ್ನ ಖಲಾಸ್" ಎಂದರು.

ಅತ್ತೆ ಸೊಸೆ ಮೊದಲ ಬಾರಿಗೆ ಒಮ್ಮತಕ್ಕೆ ಬಂದದ್ದು ಆಗ. ಅಮ್ಮ ವೀಸಾ ಮುಗಿಸಿ ಹೊರಡುವ ಮೊದಲು ಐರಿನ್‌ಗೆ ಮಣ್ಣಿ ಮಗುಚುವುದನ್ನು ಕಲಿಸಿಯೇ ಹೋದಳು. ಮೇಜಿನ ಮೇಲೆ ದಿನಾ ಎರಡು ಬಟ್ಟಲು. ಮಗರಾಯ ತನ್ನದನ್ನು ಬಳಿದು ಮುಗಿಸಿ ನನ್ನನ್ನೇ ನೋಡುತ್ತಿದ್ದ. ಬೆಲ್ಲವಿಲ್ಲದ ಆ ಕಪ್ಪು ಪದಾರ್ಥ ಕಂಡು ನಾನು ಮುಖ ತಿರುಗಿಸುತ್ತಿದ್ದೆ.

"ಅಗೋ, ಟ್ಯಾಂಕರ್ ಬಂತು" ಎಂದಳು ಐರಿನ್ ಒಂದು ಸಂಜೆ, ಕಿಟಕಿಯತ್ತ ಕೈ ತೋರಿಸಿ.

ಎಲ್ಲಿ ಎಂದು ಕೇಳಲು ನಾನು ಬಾಯಿ ತೆರೆದೆ.