ಬೋರಲು ಮಲಗಿದವಳ ಹರಕೆ

ಗಂಡಸು ಊರ ಹೊರಗೆ ನೆಲದ ಮೇಲೆ ಮಲಗಿದ್ದರೆ ಅದಕ್ಕೆ ನೂರು ವಿವರಣೆಗಳು ಸಿದ್ಧವಾಗಿರುತ್ತವೆ. ದಣಿದಿದ್ದಾನೆ, ಕುಡಿದಿದ್ದಾನೆ, ಬಸ್ಸು ತಪ್ಪಿಸಿಕೊಂಡಿದ್ದಾನೆ, ಏನೂ ಇಲ್ಲದಿದ್ದರೆ ಏನೋ ಯೋಚಿಸುತ್ತಿದ್ದಾನೆ. ಹೆಂಗಸು ಮಲಗಿದ್ದರೆ ಮಾತ್ರ ಜನ ಓಡಿ ಬರುತ್ತಾರೆ. ನಾನು ಐವತ್ತೆರಡು ವರ್ಷದ ಹೆಂಗಸು, ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ಮತ್ತು ದಿನಾ ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಗುಡ್ಡದ ಬುಡದ ಕಾಡಿನಲ್ಲಿ ಬೋರಲು ಮಲಗುತ್ತೇನೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ತಿಳಿಯಬಾರದು. ತಪ್ಪು ಮಾಡಿದವರು ಒಪ್ಪಿಕೊಳ್ಳಲಿ. ನಾನು ಸುಮ್ಮನೆ ತಿಳಿಸುತ್ತಿದ್ದೇನೆ. ನಮ್ಮೂರಿನಲ್ಲಿ ಗುಡ್ಡಕ್ಕೆ ಗುಡ್ಡವೇ ಬುದ್ಧನ ಆಕಾರದಲ್ಲಿ ಅಂಗಾತ ಮಲಗಿದೆ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಅದರ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದೇ ಗುಡ್ಡಗಳ ಸಾಲಿನ ಬುಡದಲ್ಲಿ ಐದಡಿಯ ಹೆಂಗಸೊಬ್ಬಳು ಮಲಗಿದರೆ ಊರಿನ ಮರ್ಯಾದೆಗೆ ಏನೋ ಆಗಿಬಿಡುತ್ತದಂತೆ.

ಎಲ್ಲ ಶುರುವಾದದ್ದು ನನ್ನ ಸಕ್ಕರೆ ಕಾಯಿಲೆಯಿಂದ. ದಿನಾ ಒಂದು ತಾಸು ನಡೆಯಿರಿ ಎಂದು ಡಾಕ್ಟರು ಹೇಳಿದರು. ಊರೊಳಗೆ ನಡೆಯಲು ಹೋದರೆ ಪ್ರತಿ ಮನೆಯ ಮುಂದೆ ನಿಂತು "ಚಹಾ ಆಯ್ತೇನ್ರಿ" ಎಂಬುದಕ್ಕೆ ಉತ್ತರ ಕೊಡಬೇಕು, ಮೂರನೇ ಮನೆಯಲ್ಲಿ ಒಳಗೆ ಹೋಗಿ ಕುಡಿಯಲೂ ಬೇಕು. ಸಕ್ಕರೆ ಇಳಿಸಲು ಹೊರಟವಳು ಏರಿಸಿಕೊಂಡು ಬರುತ್ತಿದ್ದೆ. ಅದಕ್ಕೇ ಅರಣ್ಯ ಇಲಾಖೆಯವರು ಬೇವು, ಹೊಂಗೆ ಹಚ್ಚಿ ಬೆಳೆಸಿದ ಕಾಡಿನ ಕಡೆ ತಿರುಗಿದೆ. ಕಾಡು ಎಂದ ಕೂಡಲೇ ಹುಲಿ, ಜಿಂಕೆ ಎಂದು ಕಣ್ಣರಳಿಸಬೇಡಿ. ಬೇವಿನ ಸಾಲು, ನಡುವೆ ತಾನಾಗಿ ಎದ್ದ ಜಾಲಿ, ತಂಗಡಿ, ಅಲ್ಲಲ್ಲಿ ಬಂಡೆ, ಅಷ್ಟೆ. ಆದರೆ ಬರೀ ನಡೆಯುವುದೆಂದರೆ ಬಹಳ ಬೇಸರದ ಕೆಲಸ. ಎಡಗಾಲು ಆಯಿತು, ಬಲಗಾಲು ಆಯಿತು, ಮತ್ತೆ ಎಡಗಾಲು. ಬಂದ ಕಾಗದ, ಹೋದ ಕಾಗದ ಬರೆದಿಡುವ ನನ್ನ ಕಚೇರಿಯ ಆವಕ-ಜಾವಕ ಪುಸ್ತಕದಲ್ಲೂ ಇದಕ್ಕಿಂತ ಹೆಚ್ಚು ಕಥೆ ಇರುತ್ತದೆ. ಬೇಸರ ಕಳೆಯಲು ಮೊಬೈಲಿಗೆ ಸಿಕ್ಕಿಸುವ ಸಣ್ಣದೊಂದು ಲೆನ್ಸು ತರಿಸಿಕೊಂಡೆ, ಒಣಹಾಕಿದ ಬಟ್ಟೆಗೆ ಹಚ್ಚುವ ಕ್ಲಿಪ್ಪಿನಂಥದು. ಮೊದಲ ದಿನವೇ ಒಂದು ಕಪ್ಪಿರುವೆಯ ಮುಖ ಕಂಡೆ. ಇಪ್ಪತ್ತೈದು ವರ್ಷಗಳಲ್ಲಿ ನನ್ನ ಯಾವ ಸಾಹೇಬರ ಮುಖದಲ್ಲೂ ಕಾಣದ ಗಾಂಭೀರ್ಯ ಅದರಲ್ಲಿತ್ತು. ಆದರೆ ಈ ಲೆನ್ಸಿಗೆ ಒಂದು ಹಟ. ಎರಡು ಬೆರಳಿನಷ್ಟು ಹತ್ತಿರ ಹೋಗಬೇಕು, ಉಸಿರು ಹಿಡಿಯಬೇಕು, ಕೈ ಅಲುಗಬಾರದು. ಬಗ್ಗಿದರೆ ನನ್ನ ಸೊಂಟ ನಡುಗುತ್ತದೆ, ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ನಡುಗುತ್ತದೆ. ಮಲಗಿದರೆ ಯಾವುದೂ ನಡುಗುವುದಿಲ್ಲ. ಆದ್ದರಿಂದ ಮಲಗಿದೆ.

ನನ್ನನ್ನು ಮೊದಲು ಕಂಡವಳು ದೇವಮ್ಮ, ಅಲ್ಲಿ ಆಡು ಮೇಯಿಸುವ ಮುದುಕಿ. ನಾನು ಉಸಿರು ಹಿಡಿದು, ಕೈ ಅಲುಗದಿರಲೆಂದು ತುಟಿಯಲ್ಲೇ ಒಂದು, ಎರಡು ಎಣಿಸುತ್ತಿದ್ದೆ. ತಲೆಯ ಮೇಲೆ ಒಂದು ಬಾಟಲಿ ನೀರು ಬಿತ್ತು.

"ಯವ್ವಾ, ಜೀವ ಅದೇನ?" ಎಂದು ಹಿಂದಿನಿಂದ ದನಿ ಬಂತು.

"ಅದ" ಎಂದೆ.

"ಮತ್ತ ಯಾಕ ಬಿದ್ದಿ?"

"ಬಿದ್ದಿಲ್ಲಬೇ, ಮಲಗೇನಿ."

"ಮನ್ಯಾಗ ಜಾಗ ಇಲ್ಲೇನು?"

ನಾನು ಇರುವೆ ತೋರಿಸಿದೆ. ಅವಳು ನನ್ನನ್ನು ನೋಡಿದಳು, ಇರುವೆಯನ್ನು ನೋಡಿದಳು, ಇಬ್ಬರಲ್ಲಿ ಇರುವೆಗೇ ಬುದ್ಧಿ ನೆಟ್ಟಗಿದೆ ಎಂದು ತೀರ್ಮಾನಿಸಿದವಳಂತೆ ಆಡುಗಳ ಹಿಂದೆ ಹೋದಳು. ನಾನು ಸೆರಗಿಲ್ಲದ ಚೂಡಿದಾರದ ತುದಿಯಲ್ಲಿ ಮೊಬೈಲು ಒರೆಸಿಕೊಂಡು ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ನನ್ನ ಯಜಮಾನರದು ಬಜಾರಿನಲ್ಲಿ ಬಟ್ಟೆ ಅಂಗಡಿ. "ನಿಮ್ಮ ಮನಿಯವ್ರಿಗಿ ಆರಾಮಿಲ್ಲೇನ್ರಿ ಅಂತ ಗಿರಾಕಿ ಕೇಳಾಕತ್ಯಾರ. ನಾ ಏನ್ ಹೇಳ್ಲಿ?" ಎಂದರು. "ಆರಾಮ ಅದಾಳ, ಅದಕ್ಕ ಮಲಗ್ಯಾಳ ಅನ್ರಿ" ಎಂದೆ. ಅತ್ತೆಯವರು ಅಡುಗೆಮನೆಯಿಂದಲೇ, "ಹಣೀಗಿ ಮಣ್ಣ ಹಚಗೊಂಡು ಬರೋ ಸೊಸಿ ನಮ್ಮ ಮನಿತನದಾಗ ಯಾರೂ ಇರಲಿಲ್ಲ" ಎಂದರು. "ಈಗ ಒಬ್ಬಾಕಿ ಅದಾಳಲ್ರಿ ಅತ್ತಿ" ಎಂದೆ. ಮೂರು ದಿನ ಅವರು ನನ್ನೊಂದಿಗೆ ಮಾತು ಬಿಟ್ಟರು. ನಾನು ಮಲಗುವುದು ಬಿಡಲಿಲ್ಲ.

ಆ ಮೂರು ದಿನಗಳಲ್ಲೇ ನನಗೆ ಒಂದು ಗಂಟು ಸಿಕ್ಕಿದ್ದು. ಒಂದು ತಂಗಡಿ ಗಿಡದ ಕಡ್ಡಿಯ ಮೇಲೆ, ನೆಲದಿಂದ ಗೇಣೆತ್ತರದಲ್ಲಿ, ಒಣಗಿದ ನೊರೆಯಂಥ ಕಂದು ಗಂಟು. ಮುಂಗಾಲೆರಡನ್ನೂ ಕೈ ಮುಗಿದಂತೆ ಹಿಡಿದು ಕೂರುವ ಹಸಿರು ಹುಳ ಇದೆಯಲ್ಲ, ಸೂರ್ಯನ ಕುದುರೆ, ಅದರ ಮೊಟ್ಟೆಗಳ ಗೂಡು. ಅದು ಕೈ ಮುಗಿಯುವುದು ಭಕ್ತಿಯಿಂದಲ್ಲ, ಊಟಕ್ಕೆ. ಒಂದಾನೊಂದು ಬೆಳಿಗ್ಗೆ ಈ ಗಂಟಿನಿಂದ ಮರಿಗಳೆಲ್ಲ ಒಟ್ಟಿಗೆ ನೂಲಿಗೆ ಜೋತುಬಿದ್ದು ಇಳಿಯುತ್ತವೆ, ಸ್ವಲ್ಪ ಹೊತ್ತಿನಲ್ಲೇ ಚದುರಿ ಹೋಗುತ್ತವೆ ಎಂದು ಓದಿದ್ದೆ. ಆ ಬೆಳಿಗ್ಗೆ ಯಾವುದೆಂದು ಯಾರೂ ಹೇಳಲಾರರು. ಅದನ್ನು ನೋಡಬೇಕು, ಅದರ ಫೋಟೊ ತೆಗೆಯಬೇಕು ಎಂಬ ಆಸೆ ನನಗೆ ಹತ್ತಿತು. ನನಗೆ ಬಹಳ ಆಸೆಗಳಿರಲಿಲ್ಲ. ಇದ್ದವೂ ಗಂಡನ, ಅತ್ತೆಯ, ಮಗಳ ಆಸೆಗಳೇ, ನಾನು ಹೊತ್ತುಕೊಂಡು ತಿರುಗಿದವು. ಇದೊಂದು ಪೂರ್ತಿ ನನ್ನದು. ದಿನಾ ಹೋಗಿ ಅದರ ಮುಂದೆ ಮಲಗಿದೆ.

ತೊಂದರೆ ಬಂದದ್ದು ಇಲ್ಲೇ. ನಮ್ಮ ಕಡೆ ಹರಕೆ ಹೊತ್ತವರು ದೀಡ ನಮಸ್ಕಾರ ಹಾಕುತ್ತಾರೆ. ಉದ್ದಕ್ಕೆ ಬೋರಲು ಮಲಗಿ, ಎದ್ದು, ಕೈ ಮುಟ್ಟಿದ ಜಾಗದಿಂದ ಮತ್ತೆ ಮಲಗಿ, ಹೀಗೆ ಗುಡಿಯವರೆಗೆ ಹೋಗುವುದು. ನಾನಾದರೂ ದಾರಿಯಲ್ಲಿ ಹುಳ ಕಂಡಲ್ಲಿ ಮಲಗಿ, ಅದು ಮುಂದೆ ಹೋದರೆ ಎದ್ದು, ಮತ್ತೆ ಮಲಗಿ, ಕೊನೆಗೆ ಅದೇ ತಂಗಡಿ ಗಿಡದ ಮುಂದೆ ಬಂದು ತುಟಿ ಅಲ್ಲಾಡಿಸುತ್ತಿದ್ದೆ. ನೋಡಿದವರ ತಪ್ಪೇನಿಲ್ಲ. ವಾರ ಕಳೆಯುವಷ್ಟರಲ್ಲಿ ನಾನು ಹುಚ್ಚಿಯಲ್ಲ, ಹರಕೆ ಹೊತ್ತವಳು ಎಂದು ಊರು ನಿರ್ಧರಿಸಿತು. ಅತ್ತೆಯವರು ಮಾತು ಬಿಟ್ಟದ್ದನ್ನು ಮರೆತೇಬಿಟ್ಟರು. "ಮೊದಲs ತಿಳಿಬಾರದಿತ್ತೇನ ನಮಗ? ಹರಕಿಗಿ ಚೂಡಿದಾರ ಬ್ಯಾಡವ್ವ, ಇಳಕಲ್ ಸೀರಿ ಉಟಗೊಂಡು ಹೋಗು" ಎಂದರು. ಕೆಂಭಾವಿಯಿಂದ ನಾದಿನಿ ಫೋನು ಮಾಡಿ ತನ್ನ ಮಗನ ಲಗ್ನದ ಸಲುವಾಗಿಯೂ ಎರಡು ನಮಸ್ಕಾರ ಹಾಕಲು ಹೇಳಿದಳು. ಯಜಮಾನರಂತೂ ಅಂಗಡಿಯಲ್ಲಿ ತಾವೇ ನಮಸ್ಕಾರ ಹಾಕುತ್ತಿರುವವರಂತೆ ಬೀಗಿ ಕೂರತೊಡಗಿದರು.

"ಅತ್ತಿ, ಹರಕಿ ಅಲ್ರಿ. ಹುಳದ ಫೋಟೊ ತಗ್ಯಾಕತ್ತೇನಿ" ಎಂದೆ.

"ಹೌದವ್ವ, ಹೌದು. ಹರಕಿ ಬಾಯಿಬಿಟ್ಟು ಹೇಳಬಾರದು. ನಾ ಕೇಳಂಗಿಲ್ಲ" ಎಂದು ಬಾಯಿಗೆ ಸೆರಗು ಹಿಡಿದರು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಬೈಸಿಕೊಂಡಾಗಲೂ ಇಷ್ಟು ಬಂದಿರಲಿಲ್ಲ. ಹೆಂಗಸೊಬ್ಬಳು ತನಗೆ ಬೇಕೆಂದು ಒಂದು ಹುಳ ನೋಡುತ್ತ ಮಲಗಿದರೆ ಹುಚ್ಚು. ದೇವರ ಶಿಫಾರಸು ತಂದರೆ ಇಡೀ ಕಾಡು ಅವಳದು. ಈ ಪರವಾನಗಿ ನನಗೆ ಬೇಡವಾಗಿತ್ತು. ಸೀರೆಯನ್ನು ಟ್ರಂಕಿಗೆ ಹಾಕಿ, ಅದೇ ಮಣ್ಣಾದ ಚೂಡಿದಾರದಲ್ಲಿ ಹೋಗುತ್ತಲೇ ಇದ್ದೆ. ಯಾರು ಕೇಳಿದರೂ "ಹುಳ" ಎಂದೇ ಹೇಳಿದೆ. ನಾನು ಹುಳ ಎಂದಷ್ಟೂ ಹರಕೆ ಗಟ್ಟಿಯಾಯಿತು.

ಒಂದು ಸೋಮವಾರ ಹೋಗಿ ನೋಡುತ್ತೇನೆ, ತಂಗಡಿ ಗಿಡದ ಸುತ್ತ ನಮ್ಮ ಓಣಿಯ ಆರೇಳು ಹೆಂಗಸರು. ಬುಡಕ್ಕೆ ಕುಂಕುಮ, ಮಣ್ಣಿಗೆ ಚುಚ್ಚಿದ ಊದಿನಕಡ್ಡಿ, ಎಲೆಯ ಮೇಲೆ ಗುಪ್ಪೆಯಾಗಿ ಸಕ್ಕರೆ. ಸಕ್ಕರೆಗೆ ಬಂದ ಇರುವೆಗಳ ಸಾಲು ಕಡ್ಡಿ ಹತ್ತಿ ಗೂಡನ್ನು ಮುತ್ತಿತ್ತು. ಮರಿಗಳು ಹೊರಬರುವ ಹೊತ್ತಿಗೆ ಇರುವೆ ಇದ್ದರೆ ಒಂದೂ ಉಳಿಯುವುದಿಲ್ಲ. ನಾನು ಕೂಗಾಡಿದೆ. ಗೂಡು ಎಂದರೇನು, ಮರಿ ಎಂದರೇನು, ಇರುವೆ ಏನು ಮಾಡುತ್ತದೆ, ಎಲ್ಲ ಹೇಳಿದೆ. ಕಚೇರಿಯಲ್ಲಿ ಒಂದು ಅರ್ಜಿಗೂ ನಾನು ಅಷ್ಟು ವಿವರವಾಗಿ ಉತ್ತರ ಕೊಟ್ಟವಳಲ್ಲ. ಅವರು ಭಕ್ತಿಯಿಂದ ಕೇಳಿದರು. ಕೊನೆಗೆ ಅವರಲ್ಲಿ ಹಿರಿಯಳಾದ ನೀಲಮ್ಮ, "ಮೈಮ್ಯಾಲ ಬಂದಾಗ ಹಿಂಗs ಮಾತಾಡ್ತಾರ" ಎಂದು ಮತ್ತೊಂದು ಹಿಡಿ ಸಕ್ಕರೆ ಹಾಕಿದಳು.

ನನಗೆ ಅಳುವೇ ಬಂತು. ಆಡುಗಳ ನಡುವೆ ನಿಂತು ನೋಡುತ್ತಿದ್ದ ದೇವಮ್ಮನ ರಟ್ಟೆ ಹಿಡಿದು ಎಳೆದು ತಂದೆ. "ಮಲಗು" ಎಂದೆ. ಏನನ್ನಿಸಿತೋ, ಅವಳು ಕೋಲು ಪಕ್ಕಕ್ಕಿಟ್ಟು ಮಲಗಿದಳು. ಮೊಬೈಲು ಅವಳ ಕಣ್ಣಿಗೆ ಹಿಡಿದೆ.

"ಇದರಾಗ ಏನದ?" ಎಂದಳು.

"ಮರಿ."

"ಎಷ್ಟ?"

"ನೂರರ ಸಮೀಪ ಇರ್ತಾವ."

ಎರಡು ಮರಿ ಹಾಕಿದ ಆಡಿಗೆ ಬೆಲ್ಲ ತಿನ್ನಿಸುವ ದೇವಮ್ಮ ಆ ಗಂಟನ್ನು ಇನ್ನೊಮ್ಮೆ ನೋಡಿದಳು. ಎದ್ದು, ಸೀರೆ ಕೊಡವಿಕೊಂಡು, ಹೆಂಗಸರ ಕಡೆ ತಿರುಗಿದಳು. "ಸಕ್ರಿ ಎತ್ರಿ. ಊದಿನಕಡ್ಡಿ ಕೀಳ್ರಿ. ಹಡೆಯಾಕ ಬಂದಾಕಿ ಮುಂದ ಇರಬಿ ಕರೀತಾರೇನು? ನೀವು ಹಡೆಯುವಾಗ ಯಾರಾರ ಹಿಂಗ ಮಾಡಿದ್ರೇನು?"

ನನ್ನ ಅರ್ಧ ತಾಸಿನ ಭಾಷಣ ಮಾಡದ ಕೆಲಸವನ್ನು ಈ ಮಾತು ಮಾಡಿತು. ಹೆಂಗಸರು ಗಡಿಬಿಡಿಯಿಂದ ಸಕ್ಕರೆ ಬಳಿದರು, ನೀರು ಹಾಕಿ ತೊಳೆದರು, ಬೇವಿನ ಎಲೆಯಿಂದ ಇರುವೆ ಕೊಡವಿದರು. ಮತ್ತೆ ಹತ್ತದಿರಲೆಂದು ನೀಲಮ್ಮ ಪೂಜೆಗೆ ತಂದ ಅರಿಶಿನವನ್ನೆಲ್ಲ ಬುಡದ ಸುತ್ತ ಗೆರೆಯಾಗಿ ಸುರಿದಳು. ಗಿಡ ಈಗ ಮೊದಲಿಗಿಂತ ಹೆಚ್ಚು ದೇವರಾಗಿ ಕಂಡಿತು, ಆದರೆ ಇರುವೆ ಹತ್ತಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಮಲಗಿ ಲೆನ್ಸಿನಲ್ಲಿ ನೋಡಿದರು. ಹುಳದ ಗೂಡು ಎಂದು ಈಗ ಎಲ್ಲರಿಗೂ ಗೊತ್ತು. ಹುಳಕ್ಕಾಗಿ ಹರಕೆ ಹೊತ್ತವಳು ಎಂದು ನನ್ನ ಬಗ್ಗೆ ಗೌರವ ಇನ್ನೂ ಹೆಚ್ಚಾಯಿತು. ಹೋಗಲಿ, ಗೂಡು ಉಳಿಯಿತು ಎಂದುಕೊಂಡೆ.

ಒಂಬತ್ತು ದಿನ ಬಿಟ್ಟು ನಾನು ಹೋಗುವಾಗ ದೇವಮ್ಮ ಆಗಲೇ ಗಿಡದ ಮುಂದೆ ಬೋರಲು ಮಲಗಿದ್ದಳು. "ಬಂದಾವ, ಬಂದಾವ. ಮೊಬೈಲ್ ತಾ ಜಲ್ದಿ" ಎಂದಳು. ಗಾಬರಿಯಲ್ಲಿ ಕೊಟ್ಟುಬಿಟ್ಟೆ. ನಾನು ಪಕ್ಕದಲ್ಲಿ ಮಲಗಬೇಕು, ಅಷ್ಟರಲ್ಲಿ ಅವಳ ಆಡುಗಳೆಲ್ಲ ನಾವಿದ್ದ ಕಡೆಗೇ ನುಗ್ಗಿದವು. ಒಂದು ಕಾಲಿಟ್ಟರೆ ಗೂಡು ಹೋಯಿತು. "ಆಡು ತಡಿ ಯವ್ವಾ" ಎಂದಳು ದೇವಮ್ಮ, ಕಣ್ಣು ತೆಗೆಯದೆ. ಅವಳ ಕೋಲು ಎತ್ತಿಕೊಂಡು ಓಡಿದೆ. ಸೊಂಟ ನಡುಗಿತು, ಮೊಣಕಾಲು ನಡುಗಿತು. ಒಂದನ್ನು ಅಟ್ಟಿದರೆ ಇನ್ನೊಂದು ಬರುತ್ತಿತ್ತು. ಹಿಂದಿನಿಂದ ದೇವಮ್ಮನ ದನಿ ಕೇಳುತ್ತಿತ್ತು. "ಇಳಿಯಾಕತ್ಯಾವ... ನೂಲಿಗಿ ಜೋತಾಡಾಕತ್ಯಾವ... ಏ ಯವ್ವಾ, ಇಷ್ಟಿಷ್ಟs ಅದಾವ, ಕಣ್ಣ ಅದಾವ ನೋಡು." ಆಡುಗಳನ್ನು ಬಂಡೆಯಾಚೆ ದಾಟಿಸಿ ನಾನು ತೇಕುತ್ತ ಬಂದು ಬೀಳುವಷ್ಟರಲ್ಲಿ ಖಾಲಿ ಗೂಡು, ಗಾಳಿಗೆ ಅಲುಗುವ ನಾಲ್ಕು ಎಳೆ ನೂಲು.

"ಫೋಟೊ ತಗದೇನು?" ಎಂದೆ.

"ಎಲ್ಲಿ ಒತ್ತಬೇಕಂತ ನೀ ಹೇಳಲೇ ಇಲ್ಲಲ್ಲ" ಎಂದಳು. ಆದರೆ ಅವಳ ಕಣ್ಣು ತುಂಬಿತ್ತು, ಬೈಯಲು ಬಾಯಿ ಬರಲಿಲ್ಲ.

ಮನೆಗೆ ಬಂದಾಗ ಅತ್ತೆಯವರು ನನ್ನ ಮುಖ ನೋಡಿದರು. ಕೂರಿಸಿ, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು, ನೆಲಕ್ಕೆ ಉಜ್ಜಿ ಉಜ್ಜಿ ಒರಟಾದ ನನ್ನ ಮೊಣಕೈಗೆ ತಿಕ್ಕತೊಡಗಿದರು. ಈ ಮನೆಗೆ ಬಂದ ಮೇಲೆ ಅವರ ಕೈಯಿಂದ ನನಗೆ ಎಣ್ಣೆ ಸಿಕ್ಕಿದ್ದು ಬಾಣಂತನದಲ್ಲೊಮ್ಮೆ, ಈಗೊಮ್ಮೆ.

"ಹರಕಿ ಮುಗೀತೇನವ್ವ?" ಎಂದರು ಮೆಲ್ಲಗೆ.

ಇಷ್ಟು ದಿನದ ಸಿಟ್ಟೆಲ್ಲ ಒಮ್ಮೆಗೇ ಬಂತು. "ಇಲ್ರಿ ಅತ್ತಿ. ಮುಗಿಯಂಗಿಲ್ಲ. ನಾ ಸಾಯೋತನ ಹೋಗಾಕಿನೇ, ಮಲಗಾಕಿನೇ. ಯಾರ್ ಏನ್ ಅಂದ್ರೂ ಬಿಡಾಂಗಿಲ್ಲ" ಎಂದೆ.

ಅವರ ಕೈ ನಿಂತಿತು. ಎಣ್ಣೆಗೈಯಲ್ಲೇ ನನಗೆ ಕೈ ಮುಗಿದರು. "ಸಾಯೋತನ ಹರಕಿ ಹೊತ್ತಾಕಿನ್ನ ನಾ ಇವತ್ತs ನೋಡಿದೆ ತಾಯಿ" ಎಂದರು. ಇದು ಹರಕೆಯಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಇನ್ನೊಂದು ಮೊಣಕೈ ಬಾಕಿಯಿತ್ತು. ಬಾಯಿ ಮುಚ್ಚಿಕೊಂಡು ಅದನ್ನೂ ಅವರ ಮುಂದೆ ಚಾಚಿದೆ.